ಹೆಡ್‌ಮಾಸ್ತರ ಎಡಭುಜದೊಳಗಿನ ಹಾಡಿನ ಡಬ್ಬಿ

ಸುಳ್ಳು ಅಂದರೆ ಅನ್ನಿ, ಬಾಯಿ ನಿಮ್ಮದು. ಆದರೆ ಆ ಕೋಟಿನ ಎಡಭುಜ ಬಲಭುಜಕ್ಕಿಂತ ಮುಕ್ಕಾಲು ಇಂಚು ಎತ್ತರವಿತ್ತು ಎನ್ನುವುದಕ್ಕೆ ಇಡೀ ಸ್ಕೂಲೇ ಸಾಕ್ಷಿ. ಬೆಂಕಿಪೊಟ್ಟಣಕ್ಕಿಂತ ಸಣ್ಣ ಡಬ್ಬಿಯೊಳಗೆ ಐನೂರು ಹಾಡು ಹೇಗೆ ಹಿಡಿಸುತ್ತವೆ ಎಂದು ಕೇಳುತ್ತೀರಲ್ಲ, ಇದೇ ಪ್ರಶ್ನೆಯನ್ನು ನಮ್ಮ ದರ್ಜಿ ತನ್ನ ಮಗಳಿಗೂ ಕೇಳಿದ್ದ. ಅವಳು ಅರ್ಧ ಗಂಟೆ ವಿವರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ನಿಮಗೂ ಆಗುವುದಿಲ್ಲ, ಬಿಡಿ. ಕಥೆ ಕೇಳಿ.

ದರ್ಜಿಗೆ ಬೀದಿಯವರು ಇಟ್ಟ ಹೆಸರು ಇಂಚುಪಟ್ಟಿ. ಕೊರಳಿಗೆ ಟೇಪು ಹಾಕಿಕೊಂಡೇ ಸ್ನಾನ ಮಾಡುತ್ತಾನೆ ಎನ್ನುತ್ತಿದ್ದರು. ನೋಡಿದವರು ಯಾರೂ ಇಲ್ಲ, ಟೇಪು ಮಾತ್ರ ಬೆಳಗಿನ ಹೊತ್ತು ಒದ್ದೆಯಾಗಿರುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಎದುರಾಗಿ ಬಟ್ಟೆ ಕತ್ತರಿಸುವ ಮೇಜು, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಮೂರು ಕಂದು ಗುರುತು. ಗೋಡೆ ಪಕ್ಕ ಅವನ ಮೆಷಿನು. ಅವನಿಗೆ ಬೆನ್ನು ಹಾಕಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಸ್ಟೂಲಿನ ಮೇಲೆ ಅವನ ಹೆಂಡತಿ. ಗುಂಡಿಯ ತೂತಿಗೆ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಪಾಲು.

ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಅವನು ಮೆಷಿನು ತುಳಿಯುತ್ತ ಕಥೆ ಹೇಳುವುದು, ಅವಳು ಸೂಜಿ ಎಳೆಯುತ್ತ "ಹೂಂ" ಅನ್ನುವುದು. ಎಂಥ ಕಥೆಗಳು ಅಂತೀರಿ! ಒಬ್ಬ ಉದ್ದನೆಯ ಆಸಾಮಿಯ ಅಳತೆ ತೆಗೆಯಲು ಏಣಿ ಹತ್ತಿದನಂತೆ, ಭುಜ ಅಳೆದು ಕೆಳಗಿಳಿದು ಬರುವಷ್ಟರಲ್ಲಿ ಕೋಟಿನ ಫ್ಯಾಷನ್ನೇ ಬದಲಾಗಿತ್ತಂತೆ. ಅವಳು ಅದಕ್ಕೂ "ಹೂಂ" ಅಂದಿದ್ದಳು. ಅವಳ "ಹೂಂ" ಬಿದ್ದರೆ ಅವನ ಹೊಲಿಗೆ ನೆಟ್ಟಗೆ ಓಡುತ್ತಿತ್ತು. ಅವಳು ತವರಿಗೆ ಹೋದ ವಾರ ಹೊಲಿದ ಅಂಗಿಗಳ ತೋಳು ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಹೋಗುತ್ತಿದ್ದವು.

ಹೀಗಿರುವಾಗ ಅವಳ ಮೊಣಕಾಲು ನೋಡಿದ ಡಾಕ್ಟರು, "ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೀಬೇಕಮ್ಮಾ" ಅಂದರು. ಒಬ್ಬಳೇ ನಡೆದರೆ ಬೇಜಾರಾಗುತ್ತದೆ ಎಂದು ಮಗಳು ಆ ಡಬ್ಬಿ ತಂದುಕೊಟ್ಟಳು. ಬೆಳ್ಳಿ ಬಣ್ಣ, ಹಿಂದೆ ಒಂದು ಕ್ಲಿಪ್ಪು, ಮುಂದೆ ಒಂದೇ ಗುಂಡಿ, ಎರಡು ಕಿವಿಗೆ ಎರಡು ಬಿಳಿ ವೈರು.

"ಹೆಗಲ ಹತ್ರ ಸಿಕ್ಕಿಸ್ಕೊಂಡ್ರೆ ಆಯ್ತಮ್ಮ, ಇದೆ ಅಂತಾನೇ ಗೊತ್ತಾಗಲ್ಲ," ಅಂದಳು ಮಗಳು.

ಹೆಂಡತಿಗೆ ಗೊತ್ತಾಗದಿದ್ದರೂ ಗಂಡನಿಗೆ ಚೆನ್ನಾಗಿಯೇ ಗೊತ್ತಾಯಿತು. ನಡೆಯಲು ಹೋಗುವಾಗ ಸಿಕ್ಕಿಸಿಕೊಂಡದ್ದು ಬಂದ ಮೇಲೂ ಇಳಿಯಲಿಲ್ಲ. ಪಾತ್ರೆ ತೊಳೆಯುವಾಗ ಇತ್ತು. ಸ್ಟೂಲಿನ ಮೇಲೆ ಕುಳಿತಾಗಲೂ ಇತ್ತು. ಅವನು ಕಥೆ ಶುರು ಮಾಡಿದ, "ಹೂಂ" ಇಲ್ಲ. ಇನ್ನೊಂದು ಶುರು ಮಾಡಿದ, ಅದಕ್ಕೂ ಇಲ್ಲ. ಅವಳ ಕಾಲಿನ ಹೆಬ್ಬೆರಳು ಮಾತ್ರ ಯಾವನದೋ ತಾಳಕ್ಕೆ ನೆಲ ಕುಟ್ಟುತ್ತಿತ್ತು.

ಆ ಹೆಬ್ಬೆರಳು ನೋಡಿ ಅವನ ಹೊಟ್ಟೆಯಲ್ಲಿ ಎದ್ದ ಉರಿಗೆ ಇಸ್ತ್ರಿಪೆಟ್ಟಿಗೆಗೆ ಕರೆಂಟೇ ಬೇಕಾಗಿರಲಿಲ್ಲ. ಅಂಗಡಿಯಲ್ಲಿ ಇಟ್ಟ ಹಾಲು ಒಡೆಯುತ್ತಿತ್ತು. ಬೇಕಾದರೆ ಕೇಳಿ ನೋಡಿ, ಆ ತಿಂಗಳು ಹಾಲಿನವನ ಜೊತೆ ಅವರ ಮನೆಯಲ್ಲಿ ಜಗಳ ಕೂಡ ಆಗಿತ್ತು.

ಒಂದು ದಿನ ಅವಳು ಸ್ನಾನಕ್ಕೆ ಹೋದಾಗ ಇಂಚುಪಟ್ಟಿ ತನ್ನ ವೈರಿಯ ಅಳತೆ ತೆಗೆದ. ಉದ್ದ ಒಂದೂಕಾಲು ಇಂಚು, ಅಗಲ ಒಂದಿಂಚು, ದಪ್ಪ ಕಾಲಿಂಚು. ಕನ್ನಡಿಯ ಮುಂದೆ ನಿಂತು ತನ್ನ ಎದೆಯಳತೆಯನ್ನೂ ತೆಗೆದುಕೊಂಡ. ಮೂವತ್ತೆಂಟು. "ಮೂವತ್ತೆಂಟು ಇಂಚಿನ ಗಂಡಸು ಕಾಲಿಂಚಿನವನ ಹತ್ರ ಸೋಲೋದಾ?" ಎಂದು ಕನ್ನಡಿಯನ್ನೇ ಕೇಳಿದ.

ಕೇಳುವವರಿಲ್ಲದಿದ್ದರೂ ಅವನ ಬಾಯಿ ಸುಮ್ಮನಿರಬೇಕಲ್ಲ. ಅವಳ ಬೆನ್ನಿಗೇ ಮಾತಾಡತೊಡಗಿದ. ಮೊದಲು ಪರೀಕ್ಷೆಗೆ, "ಇವಳೇ, ಇವತ್ತಿನ ನಿನ್ನ ಅಡುಗೆ ಬಾಯಿಗಿಟ್ರೆ ಕುದುರೆ ಕೂಡ ಓಡಿಹೋಗತ್ತೆ," ಅಂದ. ಬೆನ್ನು ಅಲುಗಲಿಲ್ಲ. ಧೈರ್ಯ ಬಂತು. "ಆ ಹಾಡೋನಿಗೇನು, ಐನೂರು ಹಾಡು ಉರು ಹೊಡೆದಿದ್ದಾನೆ. ನನ್ನ ಹಾಗೆ ದಿನಕ್ಕೊಂದು ಹೊಸ ಸುಳ್ಳು ಹುಟ್ಟಿಸಲಿ ನೋಡೋಣ," ಅಂದ. ಅದಕ್ಕೂ ಬೆನ್ನು ಸುಮ್ಮನಿತ್ತು.

ಹೀಗೆ ದಿನಾ ಹೇಳುತ್ತ ಹೇಳುತ್ತ, ಒಂದು ಮಧ್ಯಾಹ್ನ ಹೊಟ್ಟೆಯ ತಳದಲ್ಲಿದ್ದದ್ದೂ ಹೊರಗೆ ಬಂತು. ಮದುವೆಯಾದ ಹೊಸತರಲ್ಲಿ ಅವಳೂ ಬಟ್ಟೆ ಕತ್ತರಿಸುತ್ತಿದ್ದಳು. ಅವಳದು ಕೈ ಅಂದರೆ ಕೈ, ಸೀಮೆಸುಣ್ಣದ ಗೆರೆ ಒಮ್ಮೆ ಎಳೆದರೆ ಮುಗಿಯಿತು. ಆಗ ಪೋಸ್ಟ್‌ಮಾಸ್ತರರ ಪ್ಯಾಂಟೊಂದರ ಕಾಲು ಮೂರಿಂಚು ಗಿಡ್ಡವಾಯಿತು. "ಇವಳು ಗುರುತು ತಪ್ಪು ಹಾಕಿದ್ದಾಳೆ ಸಾರ್," ಎಂದು ಇಂಚುಪಟ್ಟಿ ಅವರ ಮುಂದೆಯೇ ಅಂದುಬಿಟ್ಟ. ಅವಳು ಸೀಮೆಸುಣ್ಣ ಕೆಳಗಿಟ್ಟಳು. ಮತ್ತೆ ಮುಟ್ಟಲಿಲ್ಲ. ಅಂದಿನಿಂದ ಕಾಜಾ, ಗುಂಡಿ, ಅಷ್ಟೇ.

ಆ ಮಧ್ಯಾಹ್ನ ಅವನು ಬೆನ್ನಿಗೆ ಹೇಳಿದ: "ಗುರುತು ಸರಿಯಾಗೇ ಇತ್ತು. ಮಾತಿನ ಭರದಲ್ಲಿ ಕತ್ತರಿ ಓಡಿಸಿದ್ದು ನಾನು."

ಅವಳ ಸೂಜಿ ಬಟ್ಟೆಯ ನಡುವೆ ಒಂದು ಗಳಿಗೆ ನಿಂತಿತು. ಹಾಡು ಮುಗಿದಿರಬೇಕು ಅಂದುಕೊಂಡ. ಅವಳು ಇನ್ನೊಂದು ಹಾಡಿಗೆ ಹೋದಳು ಎಂದು ಅದಕ್ಕೂ ಹೊಟ್ಟೆ ಉರಿದುಕೊಂಡ.

ಮರುದಿನ ತಡೆಯಲಾಗಲಿಲ್ಲ. ಡಬ್ಬಿ ಮೇಜಿನ ಮೇಲಿತ್ತು, ಅವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಬೇರೆ ಗಂಡಸಾಗಿದ್ದರೆ ಬಾವಿಗೆ ಎಸೆಯುತ್ತಿದ್ದ. ಇವನು ದರ್ಜಿ. ಮೇಜಿನ ಮೇಲೆ ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರ ಕೋಟು ಎಡಭುಜದ ಪ್ಯಾಡು ಬಿಚ್ಚಿಕೊಂಡು ಮಲಗಿತ್ತು. ವೈರು ಸುತ್ತಿದ, ಹತ್ತಿಯಲ್ಲಿ ಮುಚ್ಚಿದ, ಪ್ಯಾಡಿನೊಳಗೆ ತುರುಕಿ ಹೊಲಿದ, ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದ, ಕೋಟನ್ನು ಮೊಳೆಗೆ ನೇತುಹಾಕಿದ. ಹತ್ತೇ ನಿಮಿಷದ ಕೆಲಸ. ಆಮೇಲೆ ನಿಧಾನಕ್ಕೆ ತೆಗೆದು ಟ್ರಂಕಿನ ತಳದಲ್ಲಿ ಬಚ್ಚಿಡುವುದು ಎಂದು ಅವನ ಲೆಕ್ಕಾಚಾರ.

"ರೀ, ನನ್ನ ಹಾಡಿನ ಡಬ್ಬಿ ನೋಡಿದ್ರಾ?"

"ಯಾವ ಡಬ್ಬಿ?"

"ಅಳತೆ ತೆಗೆದ್ರಲ್ಲ, ಅದೇ."

ಅವನ ಬಾಯಿಯಲ್ಲಿದ್ದ ಎರಡು ಗುಂಡುಸೂಜಿ ಕೆಳಗೆ ಬಿದ್ದವು. ಅವಳಿಗೆ ಹೇಗೆ ಗೊತ್ತಾಯಿತೋ! ಅಳತೆ ತೆಗೆದ ದಿನ ಟೇಪನ್ನು ಡಬ್ಬಿಯ ಮೇಲೇ ಮರೆತು ಬಂದಿದ್ದ ಎಂದು ಅವನಿಗೆ ಆಮೇಲೆ ನೆನಪಾಯಿತು.

ಇನ್ನು "ಹೂಂ" ವಾಪಸ್ಸು ಬರುತ್ತದೆ ಎಂದು ಖುಷಿಯಾಗಿ ಮೆಷಿನಿಗೆ ಕುಳಿತು, ಏಣಿಯ ಕಥೆಯನ್ನೇ ಎತ್ತಿಕೊಂಡ. ಅವಳೆಲ್ಲಿ ಕೇಳುತ್ತಾಳೆ? ಗುಂಡಿಯ ಡಬ್ಬ ಸುರಿದು ಹುಡುಕಿದಳು, ಚಿಂದಿಯ ಮೂಟೆ ಬಿಚ್ಚಿ ಹುಡುಕಿದಳು. "ಮಗಳು ಆಸೆಯಿಂದ ತಂದಿದ್ದು ಕಣ್ರೀ. ಅವಳಿಗೆ ಏನಂತ ಹೇಳ್ಲಿ?" ಇದ್ದಾಗ ಕಿವಿ ಮಾತ್ರ ಕಸಿದುಕೊಂಡಿದ್ದ ಆ ಕಾಲಿಂಚಿನವನು, ಕಾಣೆಯಾದ ಮೇಲೆ ಕಣ್ಣು, ಕೈ, ಮನಸ್ಸು ಎಲ್ಲ ಹೊತ್ತುಕೊಂಡು ಹೋಗಿದ್ದ.

ವಾಪಸ್ಸು ಕೊಟ್ಟುಬಿಡೋಣ ಎಂದು ಇಂಚುಪಟ್ಟಿ ನಿರ್ಧರಿಸಿದ. ಬಿಚ್ಚಿದ ಭುಜವನ್ನು ಮತ್ತೆ ಹೊಲಿಯಬೇಕಲ್ಲ, ಮೊದಲು ನೂಲು ತರಲು ಹೋದ. ಬಂದು ನೋಡಿದರೆ ಮೊಳೆಯಲ್ಲಿ ಕೋಟಿಲ್ಲ.

"ಹೆಡ್‌ಮಾಸ್ತರೇ ಬಂದು ಹಾಕ್ಕೊಂಡು ಹೋದ್ರು. ನಾಲ್ಕು ಗಂಟೆಗೆ ಅವರ ಬೀಳ್ಕೊಡುಗೆಯಂತಲ್ಲ," ಅಂದಳು. "ಯಾಕ್ರೀ ಹಾಗೆ ನಿಂತ್ರಿ?"

ಅವನು ಓಡಿದ. ಎಷ್ಟು ಜೋರಾಗಿ ಓಡಿದ ಎಂದರೆ ಚಪ್ಪಲಿ ಅವನಿಗಿಂತ ಐದು ನಿಮಿಷ ತಡವಾಗಿ ಸ್ಕೂಲು ತಲುಪಿದವು. ವೇದಿಕೆಯ ಮೇಲೆ ಹೆಡ್‌ಮಾಸ್ತರು ಎಡಭುಜ ಎತ್ತಿಕೊಂಡು ನಿಂತಿದ್ದರು. "ಪಾಪ, ದುಃಖಕ್ಕೆ ಒಂದು ಕಡೆ ವಾಲಿಬಿಟ್ಟಿದ್ದಾರೆ," ಎಂದು ಗಣಿತದ ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇಂಚುಪಟ್ಟಿ ಸೀದಾ ವೇದಿಕೆ ಹತ್ತಿದ.

"ಸಾರ್, ಒಂದು ಹೊಲಿಗೆ ಬಿಟ್ಟಿದೆ. ಕೋಟು ಕೊಡಿ."

"ಈಗಲೇನಯ್ಯಾ? ಭಾಷಣ ನಡೀತಿದೆಯಲ್ಲೋ!"

"ಹೀಗೇ ಬಿಟ್ರೆ ತೋಳು ಕಳಚಿ ಬೀಳತ್ತೆ ಸಾರ್, ಎಲ್ಲರ ಮುಂದೆ."

ಹೆಡ್‌ಮಾಸ್ತರು ಕೋಟು ಕಳಚಿ ಕೊಟ್ಟು ಅಂಗಿಯಲ್ಲೇ ಭಾಷಣ ಮುಂದುವರಿಸಿದರು. ಇವನು ಪರದೆಯ ಹಿಂದೆ ಬ್ಲೇಡಿನಿಂದ ಭುಜ ಬಿಚ್ಚಿದ, ಡಬ್ಬಿ ತೆಗೆದ, ಹನ್ನೊಂದು ಹೊಲಿಗೆಯಲ್ಲಿ ಮುಚ್ಚಿದ. ಕೋಟು ಹಿಂತಿರುಗಿಸಿ ಬಂದು, ಬೆವರು ಒರೆಸಿಕೊಂಡು, ಯಾರೂ ಇಲ್ಲದ್ದು ನೋಡಿ ವೈರನ್ನು ಕಿವಿಗೆ ಸಿಕ್ಕಿಸಿಕೊಂಡ. ತನ್ನ ಕಥೆಗಿಂತ ಚೆನ್ನಾಗಿರುವುದು ಅದರಲ್ಲಿ ಏನಿದೆ ಎಂದು ನೋಡಿಯೇ ಬಿಡಬೇಕಿತ್ತು. ಗುಂಡಿ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಇಸ್ತ್ರಿಪೆಟ್ಟಿಗೆ ನೆನಪಾಯಿತು. ಐನೂರು ಹಾಡನ್ನೂ ಒಂದೇ ಸಲಕ್ಕೆ ಇಸ್ತ್ರಿ ಹಾಕಿ ಕೊಂದಿದ್ದ.

ಮನೆಗೆ ಬಂದವನೇ ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟ. "ನಾನೇ ಕಣೇ ಮಾಡಿದ್ದು. ಹೆಡ್‌ಮಾಸ್ತರ ಭುಜದಲ್ಲಿಟ್ಟು ಹೊಲಿದೆ. ಮೇಲೆ ಇಸ್ತ್ರಿ ಹಾಕಿದೆ. ಸತ್ತೇ ಹೋಯ್ತು. ಏನು ಬೈತೀಯೋ ಬಯ್ದುಬಿಡು."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅಳುತ್ತಾಳೆ ಅಂದುಕೊಂಡ. ಅವಳು ನಗುತ್ತಿದ್ದಳು.

"ಅದು ಸತ್ತು ಇಪ್ಪತ್ತು ದಿನ ಆಯ್ತು ರೀ. ಚಾರ್ಜ್ ಮಾಡೋ ವೈರು ಮಗಳ ಬ್ಯಾಗಲ್ಲೇ ಉಳ್ಕೊಂಡಿದೆ."

"ಮತ್ತೆ ದಿನಾ ಕಿವಿಗೆ ಸಿಕ್ಕಿಸ್ಕೊಂಡು ಕೂರ್ತಿದ್ಯಲ್ಲೇ!"

"ಇಪ್ಪತ್ತಾರು ವರ್ಷ ಹೂಂ ಅಂದು ಗಂಟಲು ಒಣಗಿತ್ತು. ವೈರು ಇದ್ರೆ ಅನ್ನದಿದ್ರೂ ನಡೆಯತ್ತಲ್ಲ, ಅಂತ."

"ಆ ಹೆಬ್ಬೆರಳು? ತಾಳ ಹಾಕ್ತಿದ್ದದ್ದು?"

"ಮೊದಲ ನಾಲ್ಕು ದಿನ ಹಾಡಿಗೆ. ಆಮೇಲೆ ನಿಮ್ಮ ಮೆಷಿನಿಗೆ."

ಇಂಚುಪಟ್ಟಿಗೆ ಒಳಗೊಳಗೇ ಹಿಗ್ಗು ಉಕ್ಕಿತು. ಅಷ್ಟರಲ್ಲೇ ಇನ್ನೊಂದು ನೆನಪಾಯಿತು. "ಹಾಗಾದ್ರೆ... ನಾನು ಹೇಳಿದ್ದೆಲ್ಲ ಕೇಳಿಸ್ತಿತ್ತಾ?"

"ಕುದುರೆಯದೂ ಕೇಳಿಸ್ತು," ಅಂದಳು. ಆಮೇಲೆ ನಗು ನಿಲ್ಲಿಸಿ, "ಪೋಸ್ಟ್‌ಮಾಸ್ತರ ಪ್ಯಾಂಟಿಂದೂ," ಅಂದಳು.

ಅವನು ತಲೆ ತಗ್ಗಿಸಿದ. ಅವಳು ಎದ್ದು ಮೇಜಿನ ಹತ್ತಿರ ಹೋದಳು. ಸೀಮೆಸುಣ್ಣ ತೆಗೆದುಕೊಂಡು ಅಂಚಿಗೆ ಉಜ್ಜಿ ಚೂಪು ಮಾಡಿದಳು. ಅವನ ಕೊರಳಿಂದ ಟೇಪು ಎಳೆದು ತನ್ನ ಕೊರಳಿಗೆ ಹಾಕಿಕೊಂಡಳು.

"ನಾಳೆಯಿಂದ ಕಟಿಂಗ್ ನಂದು. ಕಾಜಾ ನಿಮ್ದು. ಸ್ಟೂಲಲ್ಲಿ ಕೂತ್ಕೊಳ್ಳಿ, ನಾನು ಹೇಳ್ತೀನಿ, ನೀವು ಹೂಂ ಅನ್ನಿ. ನನ್ನ ಹತ್ರಾನೂ ಇಪ್ಪತ್ತಾರು ವರ್ಷದ್ದು ಇದೆ."

ಅವನ ಜೀವಮಾನದ ಮೊದಲ ಕಾಜಾ ಎಷ್ಟು ದೊಡ್ಡದಾಯಿತು ಎಂದರೆ ಅದರೊಳಗಿಂದ ಬೆಕ್ಕು ಓಡಾಡುತ್ತಿತ್ತು. ಬೆಳಗಿನ ನಡಿಗೆಗೂ ಅವನನ್ನು ಎಳೆದುಕೊಂಡು ಹೋದಳು. ಎರಡನೇ ತಿರುವಿಗೇ ಅವನಿಗೆ ಏದುಸಿರು, ಬೇಕೆಂದರೂ ಮಾತು ಹೊರಡುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಬಾಯ್ತುಂಬ ಮಾತಾಡುತ್ತ ನಡೆಯುತ್ತಿದ್ದಳು.

ಆ ಭಾನುವಾರ ಮಗಳು ಚಾರ್ಜಿನ ವೈರು ತಂದಳು. ಚುಚ್ಚಿದ ಕೂಡಲೇ ಡಬ್ಬಿಯಲ್ಲಿ ಹಸಿರು ದೀಪ ಹತ್ತಿಕೊಂಡಿತು. ಇಸ್ತ್ರಿಗೂ ಜಗ್ಗದ ಆಸಾಮಿ! ಹೆಂಡತಿ ಒಂದು ವೈರನ್ನು ಇಂಚುಪಟ್ಟಿಯ ಕಿವಿಗಿಟ್ಟು, "ಹೇಗಿದೆ?" ಅಂದಳು. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ತೋಳು ಸ್ವಲ್ಪ ಉದ್ದ ಆಯ್ತು. ಕೊನೇಲಿ ಎರಡಿಂಚು ಮಡಿಸಿ ಹೊಲೀಬಹುದಿತ್ತು," ಅಂದ. ಹೊಟ್ಟೆಯ ಉರಿ ಅಷ್ಟು ಬೇಗ ಆರುತ್ತದೆಯೇ? ಇವತ್ತಿಗೂ ಅವಳು ಆ ಡಬ್ಬಿ ಸಿಕ್ಕಿಸಿಕೊಂಡರೆ ಅವನ ಸೂಜಿ ಅವನ ಬೆರಳಿಗೇ ಚುಚ್ಚುತ್ತದೆ.

ಏನು? ಇಷ್ಟೆಲ್ಲ ಒಳಗಿನ ಮಾತು ಹೊರಗೆ ಹೇಗೆ ಗೊತ್ತಾಯಿತು ಅಂತೀರಾ? ನೋಡಿ, ಅದೊಂದು ಬೇರೆಯೇ...

"ರೀ! ತಟ್ಟೆ ಹಾಕಿ ಎಷ್ಟು ಹೊತ್ತಾಯ್ತು! ಆ ಕಾಜಾ ಅಲ್ಲೇ ಬಿಟ್ಟು ಊಟಕ್ಕೆ ಬನ್ನಿ!"

ಹೂಂ.