ಹನ್ನೆರಡಣ್ಣನ ಹೊಸ್ತಿಲು

ನಮ್ಮ ಬೀದಿಯಲ್ಲಿ ಮಹಡಿ ಹತ್ತುವವರೆಲ್ಲ ಕೊನೆಯಲ್ಲಿ ಒಮ್ಮೆ ಮುಗ್ಗರಿಸುತ್ತಿದ್ದರು. ಹೊಸಬರಾದರೆ "ಅಯ್ಯೋ" ಎನ್ನುತ್ತಿದ್ದರು, ಹಳಬರಾದರೆ "ಹನ್ನೆರಡಣ್ಣಾ!" ಎಂದು ಹಲ್ಲು ಕಡಿಯುತ್ತಿದ್ದರು.

ಹನ್ನೆರಡಣ್ಣ ಬಡಗಿ. ಮರದ ಮೆಟ್ಟಿಲು ಮಾಡುವುದರಲ್ಲಿ ಎತ್ತಿದ ಕೈ. ಅವನು ಮಾಡಿದ ಮೆಟ್ಟಿಲು ಕಿರುಗುಟ್ಟುವುದಿಲ್ಲ, ಅಲುಗುವುದಿಲ್ಲ. ಆದರೆ ಹದಿಮೂರು ಎಂಬ ಮಾತು ಕಿವಿಗೆ ಬಿದ್ದರೆ ಅವನೇ ಅಲುಗಿಹೋಗುತ್ತಿದ್ದ. ಯಾರ ಮನೆಯಲ್ಲೇ ಆಗಲಿ ಹನ್ನೆರಡು ಮೆಟ್ಟಿಲಿಗೇ ನಿಲ್ಲಿಸುತ್ತಿದ್ದ, ಅದಕ್ಕೇ ಆ ಹೆಸರು. ಅವನ ತಾತನೂ ಬಡಗಿ. ಹದಿಮೂರನೇ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡವರು. ಉಳಿ ಸುತ್ತಿಗೆಗಳ ಜೊತೆಗೆ ಆ ಕಥೆಯೂ ಅಪ್ಪನಿಂದ ಇವನ ಕೈಗೆ ಬಂದಿತ್ತು.

ತೊಂದರೆ ಏನೆಂದರೆ, ನಮ್ಮ ಮನೆಗಳ ಮಹಡಿ ಮುಟ್ಟಲು ಹನ್ನೆರಡು ಮೆಟ್ಟಿಲು ಸಾಲದು. ಒಂದೊಂದನ್ನೂ ತುಸು ಎತ್ತರಿಸಿದ್ದರೆ ಸರಿಹೋಗುತ್ತಿತ್ತು. ಆದರೆ ಅಪ್ಪ ಬಿಟ್ಟುಹೋದ ಅಳತೆಯ ಕೋಲನ್ನು ಮೀರುವುದುಂಟೇ? ಹಾಗಾಗಿ ಮೇಲೆ ಮೂರು ಬೆರಳಿನಷ್ಟು ಎತ್ತರ ಉಳಿದುಬಿಡುತ್ತಿತ್ತು. ಅಲ್ಲೊಂದು ಹಲಗೆ ಜಡಿದು, ನುಣ್ಣಗೆ ಉಜ್ಜಿ, "ಇದು ಮೆಟ್ಟಿಲಲ್ಲ, ಹೊಸ್ತಿಲು. ಹೊಸ್ತಿಲನ್ನ ಯಾರಾದ್ರೂ ಎಣಿಸ್ತಾರಾ?" ಎನ್ನುತ್ತಿದ್ದ.

ಬೇರೆ ಯಾರೂ ಎಣಿಸಲಿಲ್ಲ, ಕಾಲಿನ ಹೆಬ್ಬೆರಳು ಎಣಿಸಿತು.

ಜನ ಎಡವಿದಷ್ಟೂ ಅವನ ನಂಬಿಕೆ ಗಟ್ಟಿಯಾಯಿತು. "ನೋಡಿದ್ರಾ? ಮುಚ್ಚಿಟ್ಟರೂ ಬಿಡಲ್ಲ ಅದು. ಬಿಚ್ಚಿಟ್ಟಿದ್ರೆ ಕತ್ತೇ ಮುರೀತಿತ್ತು!"

ತಿಂಗಳ ಹದಿಮೂರನೇ ತಾರೀಕು ಅವನು ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಕೆಲಸವಿಲ್ಲದ ಕಾಲು ಸುಮ್ಮನಿರುತ್ತದೆಯೇ? ಹತ್ತು ಸಲ ಮಹಡಿ ಹತ್ತಿ ಇಳಿಯುತ್ತಿದ್ದ, ನಾಲ್ಕು ಸಲ ಎಡವುತ್ತಿದ್ದ.

"ಬೇರೆ ದಿನ ನಾನು ಹಿಂಗೆ ಎಡವಲ್ಲ ಕಣೇ."

"ಬೇರೆ ದಿನ ನೀವು ಮನೇಲೇ ಇರಲ್ಲ ಕಣ್ರೀ" ಎನ್ನುತ್ತಿದ್ದಳು ಹೆಂಡತಿ.

ಆ ಮಹಡಿಯ ಮೇಲೆ ಅವನ ಅಜ್ಜಿಯ ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ. ಬೆಳಿಗ್ಗೆ ಅದರ ಮುಂದೆ ಕೂತು ಅಜ್ಜಿ ದೇವರನ್ನು ನೆನೆಯುತ್ತಿದ್ದರು. ಮಿಕ್ಕ ಹೊತ್ತು ಇಡೀ ಬೀದಿಯ ಉಸ್ತುವಾರಿ ಅಲ್ಲಿಂದಲೇ. ಒಂದು ದಿನ ಅಜ್ಜಿಯೂ ಆ ಹೊಸ್ತಿಲಿಗೆ ಎಡವಿದರು. ಕಾಲು ಊದಿ ಕುಂಬಳಕಾಯಿಯಾಯಿತು. ಇಂಥ ಮೆಟ್ಟಿಲು ಇನ್ನು ಹತ್ತಕೂಡದು ಎಂದರು ಡಾಕ್ಟರು. ಮೊಮ್ಮಗ ಕೆಳಗಿದ್ದ ಮರದ ದಾಸ್ತಾನಿನ ಕೋಣೆಯಲ್ಲಿ ಮಂಚ ಹಾಕಲು ಹೊರಟ.

ಪಕ್ಕದ ಮನೆಯವಳಾದ ನಾನು ಅಜ್ಜಿಯ ಕಾಲಿಗೆ ಶಾಖ ಕೊಡುತ್ತಾ ಕೂತಿದ್ದೆ.

"ಅಲ್ಲಿ ಕಿಟಕಿ ಎಲ್ಲೋ ಇದೆ?" ಎಂದರು ಅಜ್ಜಿ.

"ಬಾಗಿಲಿದೆಯಲ್ಲ ಅಜ್ಜಿ."

"ಬಾಗಿಲಲ್ಲಿ ನಿನ್ನ ಮೂತಿ ಬಿಟ್ರೆ ಇನ್ನೇನು ಕಾಣುತ್ತೆ? ಬೀದಿ ನೋಡದೆ ನಾನು ಬದುಕಲ್ಲ ಕಣೋ. ಆ ಹಾಳು ಹಲಗೆ ಕಿತ್ತುಹಾಕಿ ನೆಟ್ಟಗೆ ಹದಿಮೂರು ಮಾಡು."

ಅವನು ಕಿವಿ ಮುಚ್ಚಿಕೊಂಡ. "ಅಜ್ಜಿ! ತಾತ ಹದಿಮೂರನೇ ಮೆಟ್ಟಿಲಿಂದ ಬಿದ್ದಿದ್ದು ಮರೆತ್ಯಾ?"

"ಯಾರ ಮನೆ ಮೆಟ್ಟಿಲು, ಹೇಳು ನೋಡೋಣ."

ಅವನು ಕಿವಿಯಿಂದ ಕೈ ತೆಗೆದ.

"ನಮ್ಮಪ್ಪನ ಮನೇದು. ಆಗಿನ್ನೂ ನನಗೆ ಮದುವೆ ಆಗಿರಲಿಲ್ಲ. ನಿಮ್ಮ ತಾತ ಕೊನೇ ಮೆಟ್ಟಿಲಿಗೆ ಮೊಳೆ ಹೊಡೀತಿದ್ರು. ನಾನು ಬಟ್ಟೆ ಒಣಹಾಕಿ ಮೇಲಿಂದ ಬಂದೆ. ಮೊಳೆ ನೋಡೋದು ಬಿಟ್ಟು ನನ್ನ ನೋಡಿದ್ರು. ಅಷ್ಟೇ, ದಡದಡ ಅಂತ ಕೆಳಗಿದ್ರು. ಎರಡು ತಿಂಗಳು ನಮ್ಮನೇಲೇ ಕಾಲು ಕಟ್ಟಿಸ್ಕೊಂಡು ಮಲಗಿದ್ರು. ಊಟ ಕೊಟ್ಟವಳು ನಾನು. ಆಮೇಲೆ ಮದುವೆ, ಆಮೇಲೆ ನಿಮ್ಮಪ್ಪ, ಆಮೇಲೆ ನೀನು. ಆ ಮೆಟ್ಟಿಲಿಲ್ದಿದ್ರೆ ನೀನೆಲ್ಲಿರ್ತಿದ್ದೆ?"

"ಅಪ್ಪ ಇದನ್ನ ಹೇಳಲೇ ಇಲ್ಲ!"

"ಅವನಿಗೂ ಗೊತ್ತಿರಲಿಲ್ಲ. ಹುಡುಗಿ ನೋಡ್ತಾ ಬಿದ್ದೆ ಅಂತ ಮಗನ ಹತ್ರ ಹೇಳೋಕಾಗುತ್ತಾ? ಹದಿಮೂರು ಬೀಳಿಸ್ತು ಅಂದ್ರೆ ಮರ್ಯಾದೆ ಉಳೀತು."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಹನ್ನೆರಡಣ್ಣ ಅಜ್ಜಿಯ ಕಾಲನ್ನು ನೋಡಿದ, ಮೆಟ್ಟಿಲನ್ನು ನೋಡಿದ, ಹೋಗಿ ಗರಗಸ ತಂದ.

ಮೂರು ದಿನ ಮನೆ ತುಂಬ ಮರದ ಪುಡಿ. ಎತ್ತರವನ್ನು ಸಮನಾಗಿ ಹದಿಮೂರು ಪಾಲು ಮಾಡಿ ಹೊಸ ಮೆಟ್ಟಿಲು ಕಟ್ಟಿದ. ಕಾಲು ವಾಸಿಯಾದ ಮೇಲೆ ಅಜ್ಜಿ ಒಂದೊಂದು ಮೆಟ್ಟಿಲಿಗೂ ದೇವರ ಹೆಸರು ಹೇಳುತ್ತಾ ಹತ್ತಿದರು. ದೇವರ ನಾಮಕ್ಕೆ ಲೆಕ್ಕವಿಡಬಾರದು ಎಂದು ನಂಬಿದವಳು ನಾನು. ಆದರೂ ಅಂದು ಎಣಿಸಿಬಿಟ್ಟೆ. ಎಲ್ಲೂ ಎಡವದೆ ಅಜ್ಜಿ ಕಿಟಕಿ ಸೇರಿದರು. ಹನ್ನೆರಡಣ್ಣನ ಅಪ್ಪನ ಅಳತೆಯ ಕೋಲು ಈಗ ಆ ಕಿಟಕಿಯ ಬಾಗಿಲು ಬಡಿಯದಂತೆ ಆನಿಸಿ ಹಿಡಿದಿದೆ.

ಆಮೇಲೆ ಅವನು ಮನೆ ಮನೆಗೆ ಹೋಗಿ ತನ್ನ ಹೊಸ್ತಿಲುಗಳನ್ನೆಲ್ಲ ಕಿತ್ತು ಸರಿಮಾಡಿಕೊಟ್ಟ. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಹೋದ ವಾರ ಚಪ್ಪಲಿ ಅಂಗಡಿಯವರು ಬಂದು, ಅಂಗಡಿಯ ಅಟ್ಟಕ್ಕೆ ಎಂಟು ಮೆಟ್ಟಿಲು ಬೇಕೆಂದರು.

"ಎಂಟಾ? ಬಿಡ್ತು ಅನ್ನಿ! ಹದಿಮೂರಿಲ್ದೆ ವಂಶ ಬೆಳೆಯಲ್ಲ."

"ಅಲ್ಲಿ ಚಪ್ಪಲಿ ಇಡ್ತೀವಿ ಕಣಪ್ಪಾ, ಸಂಸಾರ ಹೂಡಲ್ಲ!"

ಮೇಲಿನ ಕಿಟಕಿಯಿಂದ ಅಜ್ಜಿಯ ದನಿ ಬಂತು: "ಅಂಗಡಿಯವರೇ, ಹೂಂ ಅಂದ್ಬಿಡಿ. ಇಲ್ದಿದ್ರೆ ಎಂಟು ಮೆಟ್ಟಿಲು, ಐದು ಹೊಸ್ತಿಲು ಮಾಡ್ಕೊಡ್ತಾನೆ!"