ಎಣ್ಣೆ ಅರಿವೆಯ ಅಪ್ಪ

ನಮ್ಮಪ್ಪನ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಇಚಲಕರಂಜಿಯ ಒಂದು ಕಾರಖಾನೆಯಲ್ಲಿ ಮಗ್ಗಗಳಿಗೆ ಎಣ್ಣೆ ಬಿಡುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ಅವನ ಕೆಲಸ. ಆ ಕಪ್ಪು ಜಿಡ್ಡು ಅವನ ಉಗುರಿನಲ್ಲಿ, ಕತ್ತಿನ ಗೆರೆಗಳಲ್ಲಿ, ಕಣ್ಣಿನ ಕೆಳಗೆ ಮನೆ ಮಾಡಿತ್ತು. ಸಂಜೆ ಬಂದವನೇ ಬೂದಿ, ಚಿಮಣಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ, ಹೋಗುತ್ತಿರಲಿಲ್ಲ. ಹಾಗಂತ ತೊಳೆದುಕೊಳ್ಳದೆ ಊಟಕ್ಕೆ ಕೂತವನಲ್ಲ. ಕೊಲ್ಲಾಪುರಕ್ಕೆ ಹೋಗಿ ಇಬ್ಬರದೂ ಒಂದು ಜೋಡಿ ಫೋಟೋ ತೆಗೆಸಬೇಕೆಂದು ಅವ್ವನಿಗೆ ಮದುವೆಯಾದಾಗಿನಿಂದ ಆಸೆ. ಅಪ್ಪ ಪ್ರತಿ ಸಲ ಕೈ ನೋಡಿಕೊಂಡು, ಈ ಹೊಲಸು ಹೋಗಲಿ, ಆಮೇಲೆ ಹೋಗೋಣ ಅನ್ನುತ್ತಿದ್ದ.

ಹೊಲಸು ಹೋಗುವುದರೊಳಗೆ ಅವನೇ ಹೋದ. ವರ್ಷಗಟ್ಟಲೆ ಹತ್ತಿಯ ಧೂಳು ಕುಡಿದ ಎದೆ, ಕೆಮ್ಮಿ ಕೆಮ್ಮಿ ಕೊನೆಗೆ ರಕ್ತ ಕಾರಿತು. ಹೆಣಕ್ಕೆ ನೀರು ಹಾಕುವಾಗಲೂ ಅವ್ವ ಅವನ ಉಗುರು ತಿಕ್ಕುತ್ತಲೇ ಇದ್ದಳು. ಹೊರುವವರು ಹೊತ್ತಾಯಿತೆಂದು ಅವಸರ ಮಾಡಿ ಅವಳನ್ನು ಎಬ್ಬಿಸಿದರು.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಕೊಲ್ಲಾಪುರದಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದೆ. ನಾಯಕರ ಗುಲಾಬಿ ಕೆನ್ನೆ ಬರೆದು ಬರೆದು ಬಣ್ಣದ ಡಬ್ಬಿಯೇ ಬೇಡವಾಗಿತ್ತು. ನನ್ನ ಸ್ವಂತದ ಕೆಲಸವೆಲ್ಲ ಕಾರಖಾನೆಗಳ ಹಿಂದಿನ ತಿಪ್ಪೆಯಿಂದ ಆರಿಸಿ ತಂದದ್ದರಲ್ಲಿ. ಸೀಳಿದ ಲಾಳಿ, ಗಂಟುಬಿದ್ದ ನೂಲು, ಮಗ್ಗದ ಹರಿದ ತೊಗಲಿನ ಪಟ್ಟಾ, ಇವುಗಳಿಂದಲೇ ಎತ್ತು, ಹೆಂಗಸರು, ಮುದುಕರನ್ನು ಮಾಡುತ್ತಿದ್ದೆ. ಜೊತೆಯವರು ಕಚರಾ ಪೇಂಟರ್ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರು ಬೋರ್ಡಿನಲ್ಲಿ ಬರೆದ ರಾಜಕುಮಾರಿಯರು ಒಂದು ಮಳೆಗಾಲ ತಡೆಯುತ್ತಿರಲಿಲ್ಲ.

ಅಪ್ಪನ ವರ್ಷದ ದಿನ ಹತ್ತಿರ ಬಂತು. ಅಂಥ ದಿನ ಎಲ್ಲರೂ ಫೋಟೋಕ್ಕೆ ಹಾರ ಹಾಕುತ್ತಾರೆ, ನಾವು ಯಾವುದಕ್ಕೆ ಹಾಕುವುದೆಂದು ಅವ್ವ ಊರಿನಿಂದ ಕೇಳಿ ಕಳಿಸಿದಳು. ನಾನು ರಜೆ ಹಾಕಿ ಊರಿಗೆ ಬಂದೆ. ಅಪ್ಪ ಮಗ್ಗ ಒರೆಸುತ್ತಿದ್ದ ಅರಿವೆಗಳ ಗಂಟು ಬಾಗಿಲ ಹಿಂದೆ ಇನ್ನೂ ಹಾಗೆಯೇ ಇತ್ತು. ಒಂದು ಗೋಣಿಚೀಲ ಬಿಚ್ಚಿ ಹಾಸಿ, ಆ ಚಿಂದಿಗಳನ್ನು ನೂಲಿಗೆ ಹಾಕುವ ಗಂಜಿಯಿಂದ ಅಂಟಿಸುತ್ತ ಹೋದೆ. ಮೂಗಿಗೆ ಲಾಳಿಯ ಚೂರು, ಹುಬ್ಬಿಗೆ ಪಟ್ಟಾದ ತೊಗಲು. ಕಣ್ಣಿನ ಗುಳಿಗೆ, ಬತ್ತಿದ ಕೆನ್ನೆಗೆ ಜಿಡ್ಡು ದಟ್ಟವಾಗಿದ್ದ ಅರಿವೆ. ಬಣ್ಣವೆಲ್ಲ ಅಪ್ಪನ ಎಣ್ಣೆಯದೇ.

ಗಡಹಿಂಗ್ಲಜದಿಂದ ಬಂದ ಸೋದರತ್ತೆ ಅದನ್ನು ಕಂಡು ಹೊಸ್ತಿಲಲ್ಲೇ ನಿಂತಳು. "ನಮ್ಮಣ್ಣನ್ನ ಕರಕೊಂಡ ಬಂದ ಕುಂಡ್ರಿಸ್ಯಾನ ನೋಡ್ರಿ ವೈನಿ" ಎಂದು ಅವ್ವನ ಕಡೆ ನೋಡಿ ಅತ್ತಳು. ನನಗೆ ಎದೆ ಉಬ್ಬಿತು. ಅವ್ವ ಅಳಲಿಲ್ಲ. ಸೆರಗಿನ ತುದಿಯಿಂದ ಆ ಕೆನ್ನೆ ಒರೆಸಿ, ಸೆರಗು ನೋಡಿಕೊಂಡಳು. ಇದು ಯಾವಾಗಲೂ ಹೀಗೇ ಕರಿ ಇರುತ್ತದೇನು ಎಂದು ಕೇಳಿದಳು. ಆ ಕಪ್ಪೇ ಅಪ್ಪ, ಅದರಲ್ಲೇ ಅವನ ಜೀವ ಇದೆ ಎಂದು ನಾನು ದೊಡ್ಡ ಕಲಾವಿದನ ಗತ್ತಿನಲ್ಲಿ ಭಾಷಣ ಬಿಗಿದೆ.

ಮರುದಿನ ಬೆಳಿಗ್ಗೆ ಹಾರ ತರಲು ಪೇಟೆಗೆ ಹೋದೆ. ತಿರುಗಿ ಬಂದರೆ ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ಕಪ್ಪು ನೀರು ಹರಿದಿತ್ತು. ಬಿಸಿನೀರಿಗೆ ಗಂಜಿ ಕರಗಿ ಅರಿವೆಗಳೆಲ್ಲ ಬಿಟ್ಟುಕೊಂಡಿದ್ದವು. ಅವನ್ನೂ ಅವ್ವ ಸೋಡಾ ಹಾಕಿ ಒಗೆದು, ಹಿಂಡಿ, ಒಂದರ ಮೇಲೊಂದು ಇಟ್ಟಿದ್ದಳು. ಮೂಗಿನ ಚೂರು ಮೋರಿಯ ಬಾಯಲ್ಲಿ ಬಿದ್ದಿತ್ತು. ಬರಿಯ ಗೋಣಿ ಹಗ್ಗದ ಮೇಲೆ ತೊಟ್ಟಿಕ್ಕುತ್ತಿತ್ತು, ಅವ್ವ ಅದರ ಸುಕ್ಕು ಬಿಡಿಸುತ್ತಿದ್ದಳು.

ನನ್ನ ಮೈ ಉರಿದುಹೋಯಿತು. ಏನು ಮಾಡಿದೆ ಇದು, ತಲೆ ಕೆಟ್ಟಿದೆಯೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವ್ವ ನನ್ನತ್ತ ತಿರುಗಲಿಲ್ಲ.

"ಅವರು ಹೊಲಸ ಮಾರೀಲೆ ಮಂದಿ ಮುಂದ ಕುಂಡ್ರಾವರಲ್ಲ," ಎಂದಳು. "ಈಗ ಸ್ವಚ್ಛ ಆಗ್ಯಾರ. ಕೊಲ್ಲಾಪುರಕ್ಕ ಕರಕೊಂಡ ಹೋಗಿ ಒಂದ ಜೋಡಿ ಫೋಟೋ ತಗಸೂಣು."

ಮಂದಿ ಬರತೊಡಗಿದರೆಂದು ಅತ್ತೆ ಒಳಗಿಂದ ಕರೆದಳು. ಬೇರೆ ಏನೂ ತೋಚದೆ ಆ ಹಸಿ ಗೋಣಿಯನ್ನೇ ಒಯ್ದು ಗೋಡೆಗೆ ಮೊಳೆ ಹೊಡೆದು ಹಾರ ಹಾಕಿದೆ. ಅದರಲ್ಲಿ ಕಣ್ಣಿಲ್ಲ, ಮೂಗಿಲ್ಲ. ಅವ್ವ ಬಂದು ಅದರ ಪಕ್ಕಕ್ಕೆ ನಿಂತಳು. ಸೆರಗು ಸರಿಮಾಡಿಕೊಂಡು, ಎದುರಿಗಿದ್ದ ನನ್ನನ್ನು ನೋಡುತ್ತ, ಅಲುಗದೆ ನಿಂತೇ ಇದ್ದಳು.