ಮಕ್ಕಳ ಜೊತೆ ಮುನ್ನೂರ ಎರಡನೇ ಕೋಣೆಯಲ್ಲಿ

ಕಟ್ಟಡದ ಕಂಬಗಳು ದುರ್ಬಲವಾಗಿವೆ, ರಿಪೇರಿ ಮುಗಿಯುವವರೆಗೆ ನಮ್ಮ ವಿಂಗಿನ ಎಲ್ಲರೂ ನಲವತ್ತೈದು ದಿನ ಮನೆ ಖಾಲಿ ಮಾಡಬೇಕು ಎಂದು ಸೊಸೈಟಿಯ ಮೀಟಿಂಗಿನಲ್ಲಿ ತೀರ್ಮಾನವಾದಾಗ ನನಗೆ ಮೊದಲು ನೆನಪಾದದ್ದು ಮಕ್ಕಳ ಯೂನಿಫಾರ್ಮು. ಇಬ್ಬರದೂ ಬಿಳಿ ಅಂಗಿ. ಅದನ್ನು ಎಲ್ಲಿ ನೆನೆಸುವುದು, ಎಲ್ಲಿ ಒಣಗಿಸುವುದು? ಭಯ, ದುಃಖ ಎಲ್ಲ ಆಮೇಲೆ ಬಂದವು.

ಡೊಂಬಿವಲಿ ಪೂರ್ವದ ಆ ಮನೆಯಲ್ಲಿ ನಾವು ಒಂಬತ್ತು ವರ್ಷದಿಂದ ಇದ್ದೆವು. ನಾನು ಧಾರವಾಡದವಳು, ಗಂಡ ಮೈಸೂರಿನವರು. ನನ್ನ ಕೆಲಸ ಠಾಣೆಯ ವರ್ತಕ ನಗರದ ಬ್ಯಾಂಕೊಂದರಲ್ಲಿ, ಅವರದು ತುರ್ಭೆಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ. ಮಗಳಿಗೆ ಆಗ ಹನ್ನೊಂದು, ಮಗನಿಗೆ ಆರು. ಇಬ್ಬರ ಶಾಲೆಯೂ ಡೊಂಬಿವಲಿಯಲ್ಲೇ. ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಅವರು ಇರುತ್ತಿದ್ದ ಪಾಳಣಾಘರವೂ ಪಕ್ಕದ ಓಣಿಯಲ್ಲೇ ಇತ್ತು. ಅಲ್ಲಿನ ಮರಾಠಿ ಆಜಿ ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಊಟ ಮಾಡಿಸುತ್ತಿದ್ದರು.

"ನಲವತ್ತೈದು ದಿನ ತಾನೆ? ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗೋಗುತ್ತೆ ಕಣೆ" ಎಂದರು ಗಂಡ.

"ಕಣ್ಣು ಮುಚ್ಚಿ ತಗಿಯೋದ್ರಾಗ ಯೂನಿಟ್ ಟೆಸ್ಟ್ ಬರ್ತದ. ಅದಕ್ಕೇನ್ ಮಾಡೋಣು?" ಎಂದೆ ನಾನು.

ಬಾಡಿಗೆ ಮನೆ ಹುಡುಕಿದೆವು. ಎಲ್ಲ ಏಜೆಂಟರದೂ ಒಂದೇ ಮಾತು: ಹನ್ನೊಂದು ತಿಂಗಳ ಅಗ್ರಿಮೆಂಟ್ ಇಲ್ಲದೆ ಬೀಗದ ಕೈ ಕೊಡುವುದಿಲ್ಲ. ಪರಿಚಯದವರ ಮನೆಗಳೆಲ್ಲ ನಮ್ಮ ಮನೆಯಷ್ಟೇ ಇಕ್ಕಟ್ಟು. ಕೊನೆಗೆ ಉಳಿದದ್ದು ಹೋಟೆಲ್ ಒಂದೇ. ಗಂಡನ ಕೆಲಸಕ್ಕೆ ಹತ್ತಿರ ಅಂತ ತುರ್ಭೆಯಲ್ಲಿ ಒಂದನ್ನು ನೋಡಿದೆವು. ಕಿಟಕಿ ತೆರೆದರೆ ಎದುರಿಗೆ ಗೋಡೆ, ಕೆಳಗೆ ಹಗಲಿಡೀ ಲಾರಿಗಳ ಸಾಲು. ಠಾಣೆಯಲ್ಲಿ ನೋಡಿದ್ದರಲ್ಲಿ ಈಜುಕೊಳವಿತ್ತು. ಮಗಳು ಅದರ ಅಂಚಿನಲ್ಲಿ ನಿಂತು ನಮ್ಮ ಮುಖ ನೋಡಿದಳು. ಬಾಡಿಗೆ ಕೇಳಿ, ಅವರು ಕೊಟ್ಟ ನೀರು ಕುಡಿದು, ಸುಮ್ಮನೆ ವಾಪಸಾದೆವು. ಮೂರನೆಯದು ಕಲ್ಯಾಣ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಲಾಡ್ಜು. ಕೆಳಗೆ ಶಾಕಾಹಾರಿ ಹೋಟೆಲ್, ಮೇಲೆ ನಾಲ್ಕು ಮಹಡಿ ಕೋಣೆಗಳು.

ಕೌಂಟರಿನಲ್ಲಿದ್ದ ಮ್ಯಾನೇಜರ್ ಮೊದಲು ಹಿಂದಿಯಲ್ಲೇ ಮಾತಾಡಿದರು. ನಾನು ಮಗನಿಗೆ "ಸೋಂಪಿನ ಡಬ್ಬಿ ಮುಟ್ಟಬ್ಯಾಡೋ" ಎಂದು ಗದರಿದ್ದು ಕೇಳಿ ಕನ್ನಡಕ್ಕೆ ತಿರುಗಿದರು. ಕುಂದಾಪುರದ ಕಡೆಯವರು, ಆ ಕೌಂಟರಿನ ಹಿಂದೆ ಕೂತೇ ತಲೆ ನರೆತವರು.

"ಎಷ್ಟು ದಿನಕ್ಕೆ?"

"ನಲವತ್ತೈದು."

ಅವರು ಪೆನ್ನು ಕೆಳಗಿಟ್ಟರು. "ಮಕ್ಕಳನ್ನು ಕಟ್ಟಿಕೊಂಡಾ? ಎಂತದು ಮಾರಾಯ್ರೆ, ಇದು ಲಾಡ್ಜಿಂಗು. ಜನ ಇವತ್ತು ಬರ್ತಾರೆ, ನಾಳೆ ಟ್ರೇನ್ ಹಿಡೀತಾರೆ. ಒಂದೂವರೆ ತಿಂಗಳು ಹೋಟೆಲ್ ಊಟ ಮಾಡಿದ್ರೆ ಈ ಮಕ್ಕಳ ಹೊಟ್ಟೆ ಗತಿ ಎಂತ?"

"ಅದನ್ನ ಕೇಳ್ಲಿಕ್ಕೇ ಬಂದೇನ್ರಿ ಅಣ್ಣಾರ. ನನಗ ಮುಂಜಾನೆ ಅರ್ಧ ತಾಸು ಒಂದು ಒಲಿ ಕೊಡ್ರಿ. ಡಬ್ಬಿಗೆ ಚಪಾತಿ, ಪಲ್ಯ. ಅಷ್ಟ ಸಾಕು."

"ಹೊರಗಿನವರನ್ನು ಅಡುಗೆಮನೆಗೆ ಬಿಡುವ ಕ್ರಮ ಇಲ್ಲ ನಮ್ಮಲ್ಲಿ."

ನಾನು ಬ್ಯಾಗಿನಿಂದ ಕಾಗದ ತೆಗೆದು ಅವರ ಮುಂದೆ ಹರಡಿದೆ. ನಮ್ಮ ವಾಸದ ಪೂರ್ತಿ ಯೋಜನೆ ಅದರಲ್ಲಿತ್ತು: ಯಾರು ಯಾವ ಲೋಕಲ್ ಹಿಡಿಯುವುದು, ಸ್ನಾನದ ಸರದಿ, ಬಟ್ಟೆ ಒಗೆಯುವ ದಿನ, ಮಗಳು ಓದುವ ಹೊತ್ತು, ಮಗನಿಗೆ ಜ್ವರ ಬಂದರೆ ರಜೆ ಹಾಕುವವರು ಯಾರು. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದಿದರು.

"ಬಕೆಟ್ ಎರಡು ಅಂತ ಬರೆದಿದ್ದೀರಿ. ಎರಡು ಎಂತಕ್ಕೆ?"

"ಒಂದು ಸ್ನಾನಕ್ಕ. ಒಂದು ಯೂನಿಫಾರ್ಮ್ ನೆನಿ ಹಾಕ್ಲಿಕ್ಕೆ."

ಅವರಿಗೆ ನಗು ಬಂತು. ಐದೂವರೆಗೆ ಇಡ್ಲಿಯ ಒಲೆ ಹತ್ತುತ್ತದೆ, ಆರರವರೆಗೆ ಮೂಲೆಯ ಒಲೆ ನಿಮ್ಮದು, ಆದರೆ ನಮ್ಮ ಅಡುಗೆಯವರ ಕೈಗೆ ಕಾಲಿಗೆ ಸಿಗಬಾರದು ಎಂದು ಕರಾರು ಹಾಕಿ, ಮೂರನೇ ಮಹಡಿಯ ದೊಡ್ಡ ಕೋಣೆ ತೋರಿಸಿದರು. ಮುನ್ನೂರ ಎರಡು. ಬಿಸಿಲು ಬೀಳುವ ಪುಟ್ಟ ಬಾಲ್ಕನಿ ಇತ್ತು. ಅದನ್ನು ನೋಡಿದ ಮೇಲೆ ನಾನು ಬೇರೇನೂ ಕೇಳಲಿಲ್ಲ.

ಸಾಮಾನು ಕಟ್ಟಲು ಹದಿನೈದು ದಿನ ಸಿಕ್ಕವು. ನಾನು ಬ್ಯಾಂಕಿನಲ್ಲಿ ಸಾಲದ ಫೈಲುಗಳನ್ನು ಪರಿಶೀಲಿಸುವವಳು. ಏನಾದರೂ ಬಿಟ್ಟುಹೋಗಿದೆಯೇ ಎಂದು ಹುಡುಕುವುದೇ ನನ್ನ ವೃತ್ತಿ. ನೀರು ಕಾಯಿಸುವ ಕೆಟಲ್, ಮಡಿಸುವ ಮೇಜು, ಹ್ಯಾಂಗರ್, ಮಗನ ಹಾಸಿಗೆಗೆ ಹಾಕುವ ಪ್ಲಾಸ್ಟಿಕ್ ಹಾಳೆ, ಕೆಮ್ಮಿನ ಔಷಧಿ, ಶೇಂಗಾ ಚಟ್ನಿಯ ಡಬ್ಬಿ. ಮಕ್ಕಳು ಏನಾದರೂ ಕೇಳಲು ಬಂದರೆ "ತಡಿಯೋ, ಎಣಸ್ಲಿಕ್ಕತ್ತೇನಿ" ಎನ್ನುತ್ತಿದ್ದೆ. ಆ ಹದಿನೈದು ದಿನದಲ್ಲಿ ಎಷ್ಟು ಸಲ ಹಾಗೆ ಅಂದೆನೋ.

ಮೊದಲ ವಾರ ಎಲ್ಲವೂ ಕಾಗದದಲ್ಲಿ ಬರೆದಂತೆಯೇ ನಡೆಯಿತು. ಗಂಡ ಬೆಳಗಿನ ಆರೂವರೆಯ ಲೋಕಲಿನಲ್ಲಿ ಮಕ್ಕಳನ್ನು ಡೊಂಬಿವಲಿಗೆ ಕರೆದೊಯ್ದು ಶಾಲೆಗೆ ಬಿಟ್ಟು, ಅಲ್ಲಿಂದ ಠಾಣೆಗೆ ಬಂದು ತುರ್ಭೆಯ ಗಾಡಿ ಹಿಡಿಯುತ್ತಿದ್ದರು. ನನಗೆ ಕಲ್ಯಾಣಿನಿಂದಲೇ ಹೊರಡುವ ಲೋಕಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಗುತ್ತಿತ್ತು. ಡೊಂಬಿವಲಿಯಲ್ಲಿ ಒಂಬತ್ತು ವರ್ಷ ಬಾಗಿಲಲ್ಲಿ ತೂಗಿಕೊಂಡು ಹೋದವಳಿಗೆ ಅದೊಂದು ಹಬ್ಬ. ಸಂಜೆ ಪಾಳಣಾಘರದಿಂದ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದೆ. ಅಡುಗೆಯವರು ಮೊದಮೊದಲು ನನ್ನ ಕಡೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಐದನೇ ದಿನ ನಾನು ಜೋಳದ ರೊಟ್ಟಿ ಬಡಿಯುವಾಗ ಒಬ್ಬರು ಹತ್ತಿರ ಬಂದು "ನೀರು ಎಷ್ಟು ಬಿಸಿ ಬೇಕು ಇದಕ್ಕೆ?" ಎಂದು ಕೇಳಿದರು. ಗೆದ್ದೆ ಅಂದುಕೊಂಡೆ. ಬ್ಯಾಂಕಿನಲ್ಲಿ ಗೆಳತಿಯರಿಗೆ ನನ್ನ ಯೋಜನೆಯ ಫೋಟೋ ಕೂಡ ತೋರಿಸಿದ್ದೆ.

ಒಂಬತ್ತನೇ ದಿನ ಮಧ್ಯಾಹ್ನ ಮಗನ ಕ್ಲಾಸ್ ಟೀಚರಿನ ಫೋನ್ ಬಂತು. ಮೂರು ದಿನದಿಂದ ಅವನು ಒಂದೂ ಪುಸ್ತಕ ತರುತ್ತಿಲ್ಲ, ಇವತ್ತು ಬ್ಯಾಗ್ ತೆರೆಸಿ ನೋಡಿದೆ, ನೀವೇ ಒಮ್ಮೆ ನೋಡಿ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹಾಗಾಗಿಯೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ಡೊಂಬಿವಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವನನ್ನು ಕೂರಿಸಿ ಬ್ಯಾಗಿನ ಜಿಪ್ ಎಳೆದೆ. ಎರಡು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್, ಒಂದು ಬಿಸ್ಕಿಟ್ ಪೊಟ್ಟಣ, ಅಪ್ಪನ ಹಳೆಯ ಟಾರ್ಚು, ಅಕ್ಕನ ಒಂದು ಫ್ರಾಕು.

"ಇದೆಲ್ಲಾ ಯಾಕ ಹೊತ್ಕೊಂಡ ಹೋಗ್ತಿಯೋ ಪುಟ್ಟಾ?"

ಅವನಿಗೆ ಹಿಂದಿಯೇ ಸಲೀಸು. ಬೂಟಿನ ತುದಿ ನೋಡುತ್ತ ಹೇಳಿದ: "ಬಿಲ್ಡಿಂಗ್ ಗಿರ್ತಾ ಹೈ ನಾ, ತೋ ಟೈಮ್ ನಹೀ ಮಿಲ್ತಾ. ಸಬ್ ರೆಡಿ ರಖನಾ ಪಡ್ತಾ ಹೈ." ಕಟ್ಟಡ ಬಿದ್ದರೆ ಟೈಮ್ ಸಿಗುವುದಿಲ್ಲ, ಎಲ್ಲ ರೆಡಿ ಇಟ್ಟುಕೊಳ್ಳಬೇಕು.

"ಬಿಲ್ಡಿಂಗ್ ಬೀಳ್ತದ ಅಂತ ಯಾರಂದ್ರು ನಿನಗ?"

"ಸಬ್ ಲೋಗ್. ಲಿಫ್ಟ್ ಮೇ ಬೋಲ್ ರಹೇ ಥೇ." ಎಲ್ಲರೂ ಲಿಫ್ಟಿನಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ.

"ಅದು ನಮ್ಮ ಮನಿದು. ನಾವೀಗ ಹೋಟೆಲ್‌ನ್ಯಾಗ ಇದ್ದೀವಲ್ಲ?"

ಅವನು ತಲೆ ಎತ್ತಿ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ ನನ್ನನ್ನು ನೋಡಿದ. "ಹೋಟೆಲ್ ಭೀ ತೋ ಬಿಲ್ಡಿಂಗ್ ಹೈ, ಅಮ್ಮಾ." ಹೋಟೆಲೂ ಬಿಲ್ಡಿಂಗೇ ತಾನೆ?

ಪಕ್ಕದಲ್ಲಿ ಕೂತಿದ್ದ ಮಗಳನ್ನು ಕೇಳಿದೆ, ನಿನಗೆ ಇದು ಗೊತ್ತಿತ್ತೇ ಎಂದು.

"ರೋಜ್ ಬೆಳಿಗ್ಗೆ ಬುಕ್ಸ್ ತೆಗೆದು ಬೆಡ್ ಕೆಳಗೆ ಇಡ್ತಾನೆ. ಹೇಳಲ್ಲ ಅಂತ ಪ್ರಾಮಿಸ್ ಮಾಡಿದ್ದೆ." ಆಮೇಲೆ, "ನಂಗೂ ಹೆದರಿಕೆ ಇತ್ತು. ನೀನು ಬಿಝಿ ಇದ್ದೆ" ಎಂದಳು.

ಎರಡು ಲೋಕಲುಗಳು ಬಂದು ಹೋದವು. ನಾವು ಹತ್ತಲಿಲ್ಲ. ನಲವತ್ತೈದು ದಿನದ ಲೆಕ್ಕದಲ್ಲಿ ಸೋಪಿನ ತುಂಡು ಕೂಡ ಸೇರಿತ್ತು. ಆದರೆ ನಮ್ಮ ಮನೆಗೆ ಏನಾಗಿದೆ, ಅದನ್ನು ಹೇಗೆ ಸರಿ ಮಾಡುತ್ತಾರೆ, ನಾವು ನಿಜವಾಗಿ ವಾಪಸ್ ಹೋಗುತ್ತೇವೆಯೇ ಎಂಬುದನ್ನು ಆ ಇಬ್ಬರನ್ನು ಎದುರಿಗೆ ಕೂರಿಸಿಕೊಂಡು ನಾನೂ ಹೇಳಿರಲಿಲ್ಲ, ಅವರಪ್ಪನೂ ಹೇಳಿರಲಿಲ್ಲ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಹಿಡಿದೆ. ಆಮೇಲೆ ಅಕ್ಕನ ಫ್ರಾಕನ್ನು ಮಡಿಸಿ, ಮತ್ತೆ ಅವನ ಬ್ಯಾಗಿನಲ್ಲೇ ಇಟ್ಟೆ.

ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ಅವರು "ಭಾನುವಾರ ಸೈಟಿಗೆ ಕರ್ಕೊಂಡು ಹೋಗೋಣ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವನು, ಕಣ್ಣಲ್ಲಿ ನೋಡಲಿ" ಎಂದು ನಮ್ಮ ಕಟ್ಟಡದ ರಿಪೇರಿ ಕೆಲಸದ ಸೂಪರ್‌ವೈಸರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದರು.

ಸೂಪರ್‌ವೈಸರ್ ಸಾತಾರಾ ಕಡೆಯ ಮರಾಠಿಯವರು, ಐವತ್ತು ದಾಟಿದ ಮೃದು ಮಾತಿನ ಮನುಷ್ಯ. ಮಕ್ಕಳಿಬ್ಬರಿಗೂ ಹೆಲ್ಮೆಟ್ ಹಾಕಿದರು. ಮಗನದು ಮೂಗಿನವರೆಗೆ ಇಳಿಯಿತು. ನೆಲಮಹಡಿಯ ಪಾರ್ಕಿಂಗಿನಲ್ಲಿ ಕಬ್ಬಿಣದ ಊರುಗೋಲುಗಳು ಸಾಲಾಗಿ ನಿಂತಿದ್ದವು. ಒಂದು ಕಂಬದ ಹಳೆಯ ಗಾರೆಯನ್ನೆಲ್ಲ ಕೆತ್ತಿ ತೆಗೆದಿದ್ದರು, ಒಳಗಿನ ಸರಳುಗಳು ತುಕ್ಕು ಹಿಡಿದು ಕೆಂಪಾಗಿದ್ದವು. ಅದರ ಪಕ್ಕದ ಕಂಬಕ್ಕೆ ಹೊಸ ಸರಳು ಕಟ್ಟಿ, ಕಾಂಕ್ರೀಟು ತುಂಬಿ, ಗೋಣಿಚೀಲ ಸುತ್ತಿ ನೀರುಣಿಸುತ್ತಿದ್ದರು.

ಅವರು ಮಗನ ಕೈಗೆ ಸಣ್ಣ ಸುತ್ತಿಗೆ ಕೊಟ್ಟು ಇನ್ನೂ ಮುಟ್ಟದ ಒಂದು ಕಂಬದ ಮೇಲೆ ತಟ್ಟಿಸಿದರು. ಡಬ್ ಡಬ್ ಎಂದಿತು.

"ಐಕ್ ಬಾಳಾ. ಹಾ ಪೋಕಳ್ ಆವಾಜ್" ಎಂದರು. ಕೇಳು ಮಗು, ಇದು ಟೊಳ್ಳು ಸದ್ದು. ಆಮೇಲೆ ರಿಪೇರಿ ಮುಗಿದ ಕಂಬದ ಹತ್ತಿರ ಕರೆದೊಯ್ದರು. ಟಣ್ ಎಂದಿತು. "ಆಣಿ ಹಾ ಭರೀವ್." ಇದು ಗಟ್ಟಿ.

ಮಗ ಮತ್ತೆ ಹಿಂದೆ ಹೋಗಿ ತಟ್ಟಿದ, ಮುಂದೆ ಬಂದು ತಟ್ಟಿದ. ಏಳೆಂಟು ಸಲ ಹಾಗೆ ಮಾಡಿದ. ಯಾರೂ ಅವಸರ ಮಾಡಲಿಲ್ಲ. ಮಗಳು ಮಾತ್ರ ನೇರವಾಗಿ ಕೇಳಿದಳು: "ಕಾಕಾ, ಪಡ್ಣಾರ್ ನಾಹೀ ನಾ?" ಬೀಳುವುದಿಲ್ಲ ತಾನೆ? ಅವರು ನಗಲಿಲ್ಲ, ಮುದ್ದು ಮಾಡಲೂ ಇಲ್ಲ. ಹಾಗೇ ಬಿಟ್ಟಿದ್ದರೆ ಕಷ್ಟವಿತ್ತು, ಅದಕ್ಕೇ ನಾವು ಬಂದಿದ್ದೇವೆ, ಈಗ ಬೀಳುವುದಿಲ್ಲ ಎಂದು ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು.

ಅವತ್ತು ಸಂಜೆ ಹೋಟೆಲಿನಲ್ಲಿ ನಾವು ದೋಸೆಗೆ ಕಾಯುತ್ತಿದ್ದಾಗ ಮಗ ಚಮಚ ಹಿಡಿದು ಎದ್ದ. ಒಂದೊಂದೇ ಕಂಬಕ್ಕೆ ಕಿವಿ ಹಚ್ಚಿ ತಟ್ಟತೊಡಗಿದ. ಗಿರಾಕಿಗಳು ತಿರುಗಿ ನೋಡಿದರು. ಮ್ಯಾನೇಜರ್ ಕೌಂಟರಿನಿಂದಲೇ "ಎಂತ ಮಾಡ್ತಿದ್ದೀ ಮಾರಾಯ, ಬಣ್ಣ ಹೋಗ್ತದೆ!" ಎಂದು ಕೂಗಿದರು. ನಾನು ಓಡಿಹೋಗಿ ತಗ್ಗಿದ ದನಿಯಲ್ಲಿ ವಿಷಯ ಹೇಳಿದೆ. ಅವರು ಕೌಂಟರಿಗೆ ಬೇರೊಬ್ಬರನ್ನು ಕೂರಿಸಿ, ಎಲ್ಲಿಂದಲೋ ಪುಟ್ಟ ಸುತ್ತಿಗೆ ತಂದು, "ಬಾ, ಚಮಚದಲ್ಲಿ ಎಂತ ಗೊತ್ತಾಗ್ತದೆ? ಕೆಳಗಿನಿಂದ ಸುರು ಮಾಡುವ" ಎಂದು ಪಾರ್ಕಿಂಗಿಗೆ ಇಳಿದರು. ನಾವು ಮೂವರೂ ಹಿಂದೆ ಹೋದೆವು.

ಆರು ಕಂಬಗಳಿದ್ದವು. ಐದು ಟಣ್ ಎಂದವು. ಆರನೆಯದನ್ನು ತಟ್ಟಿ ಮಗ "ಪೋಕಳ್!" ಎಂದು ಕಿರುಚಿದ. ಮ್ಯಾನೇಜರ್ ಮುಖ ಬಿಳಿಚಿತು. ಸುತ್ತಿಗೆ ಇಸಿದುಕೊಂಡು ತಾವೇ ತಟ್ಟಿದರು. ಅಂಗೈಯಗಲದ ಗಾರೆ ಉದುರಿತು. ಒಳಗೆ ಕಾಂಕ್ರೀಟು ಕಲ್ಲಿನಂತಿತ್ತು. ಯಾವುದೋ ಕಾರು ಹಿಂದೆ ಸರಿಯುವಾಗ ತಾಗಿ ಮೇಲಿನ ಗಾರೆ ಮಾತ್ರ ಸಡಿಲವಾಗಿತ್ತು. ಮಗ ಒಳಗಿನ ಕಾಂಕ್ರೀಟನ್ನೂ ತಟ್ಟಿ ನೋಡಿ "ಅಂದರ್ ಸೇ ಭರೀವ್ ಹೈ, ಅಂಕಲ್" ಎಂದು ಸಮಾಧಾನ ಹೇಳಿದ. ಮ್ಯಾನೇಜರ್ ಬೆವರು ಒರೆಸಿಕೊಂಡು ನಕ್ಕರು. ಎರಡು ದಿನ ಬಿಟ್ಟು ಗಾರೆಯವರನ್ನು ಕರೆಸಿ ಸರಿ ಮಾಡಿಸಿ, ಶಾಲೆಯಿಂದ ಬಂದ ಅವನನ್ನು ಕರೆದು ತೋರಿಸಿದರು.

ಕಂಬ ತಟ್ಟಿದ ಮರುದಿನ ಬೆಳಿಗ್ಗೆಯೇ ಅವನು ಬ್ಯಾಗಿನಿಂದ ಬಟ್ಟೆ ತೆಗೆದು, ಅಕ್ಕನ ಫ್ರಾಕನ್ನು ಅಕ್ಕನಿಗೆ ಕೊಟ್ಟು, ಪುಸ್ತಕ ತುಂಬಿಕೊಂಡ. ಟಾರ್ಚನ್ನು ಮಾತ್ರ ಬಿಡಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಮೂವತ್ತೆಂಟನೇ ದಿನ ಸೊಸೈಟಿಯ ಗ್ರೂಪಿನಲ್ಲಿ ಸಂದೇಶ ಬಂತು: ಕೆಲಸ ತಡವಾಗಿದೆ, ನಲವತ್ತೈದು ದಿನದ ಮೇಲೆ ಇನ್ನೂ ಮೂರು ವಾರ ಬೇಕು. ನಾನು ಹಾಸಿಗೆಯ ಮೇಲೆ ಕುಸಿದು ಕೂತೆ. ನನ್ನ ಕಾಗದದಲ್ಲಿ ನಲವತ್ತಾರನೇ ದಿನಕ್ಕೆ ಸಾಲೇ ಇರಲಿಲ್ಲ. ಮಗಳು ಗೋಡೆಗೆ ಅಂಟಿಸಿದ್ದ ಆ ಕಾಗದವನ್ನು ಕಿತ್ತು, ಹಿಂದಿನ ಖಾಲಿ ಮಗ್ಗುಲು ತಿರುಗಿಸಿ, ಪೆನ್ಸಿಲ್ ಹಿಡಿದು ಕೂತಳು.

"ಈ ಸಲ ನಾನ್ ಮಾಡ್ತೀನಿ."

ಅವಳ ಯೋಜನೆಯಲ್ಲಿ ಬಕೆಟ್ಟಿನ ಮಾತೇ ಇರಲಿಲ್ಲ. ಭಾನುವಾರ ಎಲ್ಲರೂ ಸೈಟಿಗೆ. ಬುಧವಾರ ಅಡುಗೆಯವರನ್ನು ಕೇಳಿ ಅಮ್ಮನ ಕೈಯ ಖಿಚಡಿ. ದಿನಾ ಅರ್ಧ ಗಂಟೆ ಬಾಲ್ಕನಿ ತನ್ನದು, ಯಾರೂ ಮಾತಾಡಿಸಬಾರದು. ಅಪ್ಪ ತಮ್ಮನ ಜೊತೆ ಸ್ಟೇಷನ್ನಿನ ಬ್ರಿಜ್ ಮೇಲೆ ನಿಂತು ಗಾಡಿ ನೋಡಬೇಕು, ಫೋನ್ ನೋಡಬಾರದು. ಕೊನೆಗೆ ಒಂದು ಸಾಲು: ಹೊಸ ವಿಷಯ ಏನೇ ಬಂದರೂ ನಾಲ್ಕು ಜನಕ್ಕೂ ಅದೇ ದಿನ ಹೇಳಬೇಕು. ಗಂಡ ಓದಿ, ಅದರ ಕೆಳಗೆ ಸಹಿ ಹಾಕಿದರು. ನಾನೂ ಹಾಕಿದೆ. ಮಗ ತನ್ನ ಹೆಸರನ್ನು ಮರಾಠಿಯಲ್ಲಿ ಬರೆದ.

ಅರವತ್ತಾರನೇ ದಿನ, ಒಂದು ಶನಿವಾರ ಬೆಳಿಗ್ಗೆ, ಎರಡು ರಿಕ್ಷಾಗಳಲ್ಲಿ ಸಾಮಾನು ತುಂಬಿಕೊಂಡು ಹೊರಟೆವು. ಮ್ಯಾನೇಜರ್ ಬಿಸಿ ಬನ್ಸ್ ಕಟ್ಟಿಕೊಟ್ಟು, "ಇನ್ನು ಇಷ್ಟು ದಿನಕ್ಕೆಲ್ಲ ಬರಬೇಡಿ ಮಾರಾಯ್ರೆ, ಊಟಕ್ಕೆ ಬನ್ನಿ" ಎಂದರು.

ಮನೆಯ ತುಂಬ ಸಿಮೆಂಟಿನ ಧೂಳು. ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು ಬಂದು, ಆಮೇಲೆ ತಿಳಿಯಾಯಿತು. ಮಕ್ಕಳಿಬ್ಬರೂ ಬರಿಗಾಲಲ್ಲಿ ಕೋಣೆಯಿಂದ ಕೋಣೆಗೆ ಓಡಿದರು. ಧೂಳಿನ ಮೇಲೆ ಅವರ ಹೆಜ್ಜೆಗಳು ಮೂಡುತ್ತಿದ್ದವು, ಒರೆಸಲು ನನಗೆ ಮನಸ್ಸು ಬರಲಿಲ್ಲ. ನಮ್ಮ ಮಹಡಿಯ ನಾಲ್ಕೂ ಮನೆಯವರು ಬಾಗಿಲು ತೆರೆದಿಟ್ಟು ಪೊರಕೆ ಹಿಡಿದಿದ್ದರು. ಎದುರು ಮನೆಯವರು ಎಲ್ಲರಿಗೂ ಚಹಾ ಕಳಿಸಿದರು. ಹನ್ನೆರಡರ ಹೊತ್ತಿಗೆ ಕೆಳಗಿನ ಯಾವುದೋ ಮನೆಯಿಂದ ಒಗ್ಗರಣೆಯ ವಾಸನೆ ಮೇಲೆ ಬಂತು, ಆಮೇಲೆ ಪಕ್ಕದ ಮನೆಯಿಂದ. ನಾನೂ ಕುಕ್ಕರ್ ತೊಳೆದು ಅಕ್ಕಿ ಹಾಕಿದೆ.